ರಾಧಾಮಣಿಯ ಕಂಪ್ಯೂಟರಿಗೆ ಮೂರು ಕಾವಲು

ಮನೋಹರನಿಗೆ ಹೊಟ್ಟೆಕಿಚ್ಚು ಹತ್ತಿದ್ದು ಒಬ್ಬ ಗಂಡಸನ್ನು ನೋಡಿ ಅಲ್ಲ, ಒಂದು ಬಾಣವನ್ನು ನೋಡಿ.

ಬುಧವಾರ ಸಂಜೆ ಐದು ಗಂಟೆ. ತೋಟದಲ್ಲಿ ಬಿಡಿಸಿದ ಹಿಪ್ಪುನೇರಳೆ ಹಣ್ಣನ್ನು ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಅವನು ಪಕ್ಕದ ಮನೆಯ ಹೊಸ್ತಿಲು ದಾಟಿದ. ನಡುಮನೆಯಲ್ಲಿ ರಾಧಾಮಣಿ ಕಂಪ್ಯೂಟರ್ ಮುಂದೆ ಕೂತಿದ್ದಳು. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ನಗುತ್ತಿದ್ದಳು. ಎರಡು ಕೈಯೂ ಮಡಿಲಲ್ಲಿದ್ದವು. ಆದರೂ ಪರದೆಯ ಮೇಲೆ ಮೌಸಿನ ಬಾಣ ತನ್ನಷ್ಟಕ್ಕೆ ತಾನೇ ಓಡಾಡುತ್ತಿತ್ತು. ಒಂದು ಫೋಲ್ಡರ್ ತೆರೆಯಿತು, ಮುಚ್ಚಿತು, ಮೂಲೆಗೆ ಹೋಗಿ ಏನನ್ನೋ ಒತ್ತಿತು.

"ಅದ್ಯಾರು ಆಡಿಸ್ತಾ ಇರೋದು?" ಎಂದ ಮನೋಹರ.

ಅವಳು ಫೋನಿಗೆ ಕೈ ಅಡ್ಡ ಹಿಡಿದು ತಿರುಗಿದಳು. "ಚೈತನ್ಯ. ಬಿಡದೀಲಿ ಅವ್ರ ಮನೇಲಿ ಕೂತ್ಕೊಂಡು ಇಲ್ಲೀದ್ನೆಲ್ಲ ಸರಿ ಮಾಡ್ತಾವ್ನೆ. ನಮ್ ಕಂಪ್ಯೂಟರ್‌ಗೆ ವೈರಸ್ ಬಂದ್ಬುಟ್ಟಿತ್ತು. ನೋಡು, ಎಷ್ಟ್ ನೀಟಾಗ್ ಮಾಡ್ತಾನೆ."

ಮನೋಹರ ನೋಡಿದ. ಮೂವತ್ತು ಕಿಲೋಮೀಟರ್ ಆಚೆ ಕೂತವನ ಕೈ ರಾಧಾಮಣಿಯ ನಡುಮನೆಯಲ್ಲಿ ಓಡಾಡುತ್ತಿದೆ. ಒಂದು ಗೋಡೆಯ ಆಚೆಗಷ್ಟೇ ಇರುವ ತಾನು ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದೇನೆ. ಬಾಣ ಅವಳ ಚಿತ್ರಗಳ ಫೋಲ್ಡರಿನ ಮೇಲೆ ಒಂದು ಸುತ್ತು ಹಾಕಿ ನಿಂತಾಗ ಅವನ ಎದೆ ಚುರ್ ಎಂದಿತು.

ಚೈತನ್ಯ ಯಾರೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ರಾಧಾಮಣಿಯ ಸೋದರತ್ತೆಯ ಮಗ. ಬಿಡದಿಯ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಇಸ್ತ್ರಿ ಮಾಡಿದ ಅಂಗಿ, ಕುತ್ತಿಗೆಯಲ್ಲಿ ಐಡಿ ಕಾರ್ಡು, ಒಂದು ಹಲ್ಲೂ ಓರೆಯಿಲ್ಲದ ನಗು. ಅದೆಲ್ಲ ಹೋಗಲಿ, ಅತ್ತೆ ಮಗ. ಈ ಕಡೆ ಅತ್ತೆ ಮಗ ಎಂದರೆ ಯಾರೂ ಏನೂ ಹೇಳದಿದ್ದರೂ ಎಲ್ಲರ ತಲೆಯಲ್ಲೂ ಅರ್ಧ ಮದುವೆ ಆಗಿರುತ್ತದೆ.

ಮನೋಹರ ಅವಳಿಗೆ ಏನೂ ಆಗಬೇಕಿರಲಿಲ್ಲ. ಒಂದೇ ಜನ, ದೊಡ್ಡಮಳೂರಿನ ಒಂದೇ ಬೀದಿ, ಅಷ್ಟೇ. ಇಪ್ಪತ್ತೊಂಬತ್ತು ವರ್ಷದ ರೇಷ್ಮೆ ಬೆಳೆಗಾರ. ರಾಧಾಮಣಿಯ ತಾಯಿ ನಾಗಲಕ್ಷ್ಮಮ್ಮನನ್ನು ಚಿಕ್ಕಂದಿನಿಂದ ಚಿಕ್ಕಮ್ಮ ಎಂದೇ ಕರೆಯುತ್ತಿದ್ದವನು ಮೂರು ವರ್ಷದ ಹಿಂದೆ ಒಂದು ದಿನ ಇದ್ದಕ್ಕಿದ್ದಂತೆ ನಿಲ್ಲಿಸಿಬಿಟ್ಟ. ಚಿಕ್ಕಮ್ಮನ ಮಗಳು ತಂಗಿಯಾಗುತ್ತಾಳಲ್ಲ! ಅಂದಿನಿಂದ ಆಕೆಯನ್ನು ಏನೂ ಕರೆಯದೆ, ಬಾಗಿಲಲ್ಲಿ ಕೆಮ್ಮಿ, "ಇದೀರಾ?" ಎಂದು ಕೂಗಿ ದಿನ ದೂಡುತ್ತಿದ್ದ. ಪ್ರೇಮಕ್ಕಾಗಿ ಅವನು ಇದುವರೆಗೆ ಮಾಡಿದ್ದ ಸಾಹಸ ಅದೊಂದೇ.

ಅಡುಗೆಮನೆಯಿಂದ ನಾಗಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. "ಮನು, ಭಾನುವಾರ ಚೈತನ್ಯ ಬತ್ತಾನಂತೆ ಕಣಪ್ಪ. ಅದೇನೋ ಆಂಟಿವೈರಸ್ಸು, ಫ್ರೀಯಾಗೇ ಸಿಕ್ತವಂತೆ. ಅದ್ರಲ್ಲಿ ಒಳ್ಳೇದ್ ನೋಡಿ ಹಾಕ್ಕೊಟ್ಟು ಹೋಯ್ತಾನಂತೆ. ನಾಟಿಕೋಳಿ ಸಾರು ಮಾಡ್ಬೇಕು."

ನಾಟಿಕೋಳಿ! ಮನೋಹರ ಇಷ್ಟು ವರ್ಷ ಈ ಮನೆಗೆ ಹಣ್ಣು, ನುಗ್ಗೆಕಾಯಿ, ಹಾಲು ಹೊತ್ತಿದ್ದಕ್ಕೆ ಸಿಕ್ಕಿದ್ದು ಕಾಫಿ. ಅದೂ ಕೆಲವೊಮ್ಮೆ ಆರಿದ್ದು.

"ಅದೊಂದ್ ಹಾಕೋಕೆ ಬಿಡದಿಯಿಂದ ಬರ್ಬೇಕಾ? ನಾನೇ ಹಾಕ್ತೀನಿ ಬುಡಿ," ಎಂದುಬಿಟ್ಟ.

ರಾಧಾಮಣಿ ಫೋನಿಟ್ಟು ಕುರ್ಚಿಯನ್ನು ಪೂರ್ತಿ ಅವನ ಕಡೆ ತಿರುಗಿಸಿದಳು. ಡಬ್ಬಿಯಿಂದ ಒಂದು ಹಣ್ಣು ತೆಗೆದು ಬಾಯಿಗೆ ಹಾಕಿಕೊಂಡಳು. ತುಟಿ ನೇರಳೆಯಾಯಿತು. ಒಂದು ಹುಬ್ಬು ಮಾತ್ರ ನಿಧಾನಕ್ಕೆ ಮೇಲೇರಿತು.

"ನಿಂಗ್ ಬತ್ತದಾ?"

"ಬರ್ದೇ ಏನು?"

"ಯಾವಾಗ್ ಕಲ್ತೆ?"

"ಕಲ್ತಿದೀನಿ," ಎಂದ ಮನೋಹರ, ಅವಳ ತುಟಿಯ ಬಣ್ಣ ನೋಡುತ್ತಾ.

"ಸರಿ ಹಂಗಾದ್ರೆ, ಶನಿವಾರ ಮಧ್ಯಾಹ್ನ ಬಾ. ಆದ್ರೆ ಸೋಮವಾರ ಬೆಳಗ್ಗೆ ನನ್ ಚಿತ್ರ ಕೊಡ್ಬೇಕು ಮನೋಹರ. ಅದಕ್ಕೇನಾದ್ರೂ ಆದ್ರೆ ನಾನ್ ಸುಮ್ನಿರಲ್ಲ."

ಅವಳು ಚನ್ನಪಟ್ಟಣದ ಯಾಸ್ಮಿನ್ ಎಂಬುವರ ಬೊಂಬೆ ಕಾರ್ಖಾನೆಗೆ ಚಿತ್ರ ಬರೆದುಕೊಡುತ್ತಿದ್ದಳು. ಮರದ ತುಂಡಿನ ಅಳತೆ, ಯಾವ ಭಾಗಕ್ಕೆ ಯಾವ ಬಣ್ಣದ ಅರಗು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬರೆದು ಕೊಟ್ಟರೆ ಅಲ್ಲಿನ ಕೆಲಸಗಾರರು ಅದನ್ನು ನೋಡಿ ಬೊಂಬೆ ಕಡೆಯುತ್ತಿದ್ದರು. ಇಷ್ಟು ದಿನ ಅವರು ಹೇಳಿದ್ದನ್ನು ಬರೆದಿದ್ದಳು. ಈ ಸಲದ್ದು ಅವಳದೇ ಯೋಚನೆ: ಒಂದು ಕೋಳಿ, ಹತ್ತು ಮರಿ, ಎಲ್ಲಕ್ಕೂ ಚಕ್ರ. ಒಪ್ಪಿಗೆಯಾದರೆ ಪೆಟ್ಟಿಗೆಯ ಮೇಲೆ ಅವಳ ಹೆಸರು ಹಾಕುತ್ತೇನೆ ಎಂದು ಯಾಸ್ಮಿನ್ ಮಾತು ಕೊಟ್ಟಿದ್ದರು. ಎರಡು ಮರಿ ಇನ್ನೂ ಬಾಕಿ ಇದ್ದವು.

ಮರುದಿನ ಮನೋಹರ ಚನ್ನಪಟ್ಟಣಕ್ಕೆ ಹೋಗಿ ಸ್ನೇಹಿತ ಸ್ವಾಮಿಯ ಜೆರಾಕ್ಸ್ ಅಂಗಡಿಯಲ್ಲಿ ಕೂತ. ರಾಧಾಮಣಿ ಚಿತ್ರ ಪ್ರಿಂಟ್ ಮಾಡಿಸಲು ಪೆನ್‌ಡ್ರೈವ್ ತರುತ್ತಿದ್ದದ್ದು ಅದೇ ಅಂಗಡಿಗೆ.

"ಲೇ ಸ್ವಾಮಿ, ಫ್ರೀ ಆಂಟಿವೈರಸ್‌ಗಳಲ್ಲಿ ಯಾವ್ದ್ಲಾ ಒಳ್ಳೇದು?"

"ನಂಗೇನ್ಲಾ ಗೊತ್ತು? ನಮ್ಮಂಗ್ಡೀದಕ್ಕೆ ಎರಡ್ ವರ್ಷದಿಂದ ಏನೂ ಹಾಕಿಲ್ಲ."

"ಓಹೋ, ಊರಿಗೆಲ್ಲ ರೋಗ ಹಂಚ್ತಿರೋನು ನೀನೇನಾ?"

ಸ್ವಾಮಿ ಹಲ್ಲು ಬಿಟ್ಟ. "ಯಾರ್ ಕಂಪ್ಯೂಟರ್ರು? ರಾಧಾಮಣೀದಾ? ಅವ್ಳಿಗೇನ್ಲಾ ಕಷ್ಟ, ಅತ್ತೆ ಮಗಾನೇ ಕಂಪ್ಯೂಟರ್ ಕೆಲ್ಸದಲ್ಲವ್ನೆ. ವರಸೇಲಿ ಬೇರೆ ಆಗ್ಬೇಕು. ಇನ್ ಮೇಲೆ ಮನೇಲೇ ರಿಪೇರಿ."

"ಮುಚ್ಕೊಂಡು ಹೇಳ್ಲಾ, ಯಾವ್ದ್ ಹಾಕ್ಲಿ?"

"ಯಾವ್ದಾರ ಒಂದ್ ಹಾಕ್ಲಾ!"

ಒಂದು ಎಂದು ಅವನು ಸ್ಪಷ್ಟವಾಗಿಯೇ ಹೇಳಿದ್ದ. 'ಮನೇಲೇ ರಿಪೇರಿ' ಎಂಬ ಮಾತು ಕಿವಿಯಲ್ಲಿ ಕೂತಿದ್ದರಿಂದ ಮನೋಹರನಿಗೆ ಇದು ಕೇಳಲಿಲ್ಲ.

ಮನೆಯ ಹಿಂದಿನ ಹುಳದ ಮನೆಯಲ್ಲಿ ಅವನ ರೇಷ್ಮೆ ಹುಳಗಳು ನಾಲ್ಕನೇ ಸಲ ಪೊರೆ ಬಿಡಲು ಮಲಗಿದ್ದವು. ಇದಕ್ಕೆ ಬೆಳೆಗಾರರು ಜ್ವರ ಎನ್ನುತ್ತಾರೆ. ಜ್ವರದಲ್ಲಿರುವ ಹುಳ ಸೊಪ್ಪು ತಿನ್ನುವುದಿಲ್ಲ, ಬೆಳೆಗಾರನಿಗೂ ಒಸಿ ಬಿಡುವು. ಆ ಬಿಡುವಿನಲ್ಲಿ ಮನೋಹರ ಫೋನಿನಲ್ಲಿ ವಿಡಿಯೋ ನೋಡಿದ. ಒಬ್ಬ ಗುರಾಣಿ ಚಿತ್ರದ ಆಂಟಿವೈರಸ್ ಬಿಟ್ಟರೆ ಬೇರೆ ಇಲ್ಲ ಎಂದ. ಇನ್ನೊಬ್ಬ ಅದು ಕಂಪ್ಯೂಟರನ್ನು ನಿಧಾನ ಮಾಡುತ್ತದೆ, ಹದ್ದಿನ ಚಿತ್ರದ್ದೇ ಸರಿ ಎಂದ. ಮೂರನೆಯವಳು ಎರಡನ್ನೂ ಬೈದು ಬೀಗದ ಚಿತ್ರದ್ದನ್ನು ಹೊಗಳಿದಳು. ಮೂರೂ ಫ್ರೀ.

ಫ್ರೀ ಎಂಬ ಮಾತೇ ಅವನಿಗೆ ಬಗೆಹರಿಯಲಿಲ್ಲ. ಏನೂ ಬೇಡದೆ ಯಾರಾದರೂ ಏನನ್ನಾದರೂ ಯಾಕೆ ಕೊಡುತ್ತಾರೆ? ಚೈತನ್ಯನೂ ಫ್ರೀಯಾಗಿಯೇ ಮಾಡಿಕೊಡುತ್ತಿದ್ದಾನೆ. ಅವನಿಗೆ ಏನು ಬೇಕು? ಉತ್ತರ ಗೊತ್ತಿತ್ತು, ಆದ್ದರಿಂದಲೇ ನಿದ್ದೆ ಹತ್ತಲಿಲ್ಲ.

ಶನಿವಾರ ಮೂರು ಗಂಟೆಗೆ ಅವನು ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ಇಸ್ತ್ರಿ ಅಂಗಿ ಯಾಕೆಂದು ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ಏನೋ ಇದು, ಹೆಣ್ ನೋಡೋಕ್ ಬಂದಂಗ್ ಬಂದಿದೀಯ?" ಎಂದಳು ರಾಧಾಮಣಿ.

ಅವನ ಕಿವಿ ಕೆಂಪಾಯಿತು. ಅವಳು ಪಕ್ಕದಲ್ಲೇ ಇನ್ನೊಂದು ಕುರ್ಚಿ ಎಳೆದು ಕೂತಳು. ಅವಳ ಜಡೆಯ ತುದಿ ಅವನ ಮೊಣಕೈಗೆ ತಾಗುತ್ತಿತ್ತು. ಅವನು ಕೈ ತೆಗೆಯಲೂ ಇಲ್ಲ, ಆಡಿಸಲೂ ಇಲ್ಲ. ಗುರಾಣಿ ಚಿತ್ರದ ಆಂಟಿವೈರಸ್ ಡೌನ್‌ಲೋಡ್ ಆಗುವಷ್ಟು ಹೊತ್ತು ಇಬ್ಬರೂ ಪರದೆಯ ಹಸಿರು ಗೆರೆ ಉದ್ದವಾಗುವುದನ್ನೇ ನೋಡಿದರು. ಆ ಗೆರೆ ಇನ್ನೂ ನಿಧಾನವಾಗಿ ಹೋಗಲಿ ಎಂದು ದೇವರಲ್ಲಿ ಕೇಳಿಕೊಂಡವನು ಚನ್ನಪಟ್ಟಣ ತಾಲೂಕಿನಲ್ಲೇ ಅವನೊಬ್ಬನೇ.

"ಪರ್ವಾಗಿಲ್ಲ ಕಣೋ, ಗೊತ್ತೈತೆ ನಿಂಗೆ," ಎಂದಳು ಅವಳು. "ಇರು, ಕಾಫಿ ತತ್ತೀನಿ."

ಅವಳು ಒಳಗೆ ಹೋದಳು. ಫೋನು ಮೇಜಿನ ಮೇಲೆ ಉಳಿಯಿತು. ಅದು ಟಿಣ್ ಎಂದಿತು. ಮನೋಹರ ಬೇರೆಯವರ ಫೋನು ನೋಡುವವನಲ್ಲ, ಆದರೆ ಅಕ್ಷರಗಳು ತಾವೇ ಬಂದು ಕಣ್ಣಿಗೆ ಬಿದ್ದವು. ಚೈತನ್ಯನ ಮೆಸೇಜು: 'ನಾಳೆ ಅಮ್ಮನೂ ಬರ್ತಾ ಇದಾರೆ. ಮಾವನ ಹತ್ರ ಮಾತಾಡ್ಬೇಕಂತೆ.'

ಅಮ್ಮ ಬರುವುದು ಆಂಟಿವೈರಸ್ ಹಾಕಲು ಅಲ್ಲ. ನಾಳೆ ಈ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಚೈತನ್ಯ ಬಂದು ಈ ಕಂಪ್ಯೂಟರನ್ನು ನೋಡಿ, 'ಒಂದೇ ಹಾಕಿದಾನಾ? ಇಷ್ಟೇನಾ ಅವನಿಗೆ ಗೊತ್ತಿರೋದು?' ಎಂದು ಆ ಸಾಲು ಹಲ್ಲು ತೋರಿಸಿ ನಗುತ್ತಾನೆ. ನಗೋಕೆ ಬಿಡಬಾರದು.

ಹುಳದ ಮನೆಯ ಲೆಕ್ಕವೇ ಅವನಿಗೆ ಗೊತ್ತಿದ್ದದ್ದು. ಹೊಸ ಬೆಳೆ ಇಡುವ ಮೊದಲು ಬ್ಲೀಚಿಂಗ್ ಪೌಡರ್ ನೀರು ಹೊಡೆಯಬೇಕು, ಸುಣ್ಣ ಎರಚಬೇಕು, ಹುಳದ ಹಾಸಿಗೆಯ ಮೇಲೆ ಔಷಧಿ ಪುಡಿ ಉದುರಿಸಬೇಕು. ಒಂದಕ್ಕೆ ಸಾಯದ ರೋಗ ಇನ್ನೊಂದಕ್ಕೆ ಸಾಯುತ್ತದೆ. ಮೂರನ್ನೂ ಹಾಕಿದವನ ರೇಷ್ಮೆ ಗೂಡೇ ರಾಮನಗರದ ಮಾರುಕಟ್ಟೆಯಲ್ಲಿ ಎದ್ದು ಕಾಣುವುದು. ಅವನು ಹದ್ದನ್ನು ಇಳಿಸಿದ. ಬೀಗವನ್ನೂ ಇಳಿಸಿದ. ನಡುವೆ ಇಂಗ್ಲಿಷಿನಲ್ಲಿ ಏನೇನೋ ಕೇಳಿತು. ಬೇರೊಂದು ಇದೆ, ಅದನ್ನು ತೆಗೆಯಲೇ ಎಂಬಂತೆ. ಕೋಪದಲ್ಲಿ ಎಲ್ಲಕ್ಕೂ 'ನೋ' ಒತ್ತಿದ.

ರಾಧಾಮಣಿ ಕಾಫಿ ತಂದಾಗ ಪರದೆ ತುಂಬ ಕೆಂಪು ಚೌಕಗಳು ಒಂದರ ಮೇಲೊಂದು ಏಳುತ್ತಿದ್ದವು. ಗುರಾಣಿ ಹದ್ದನ್ನು ವೈರಸ್ ಎಂದಿತು. ಹದ್ದು ಬೀಗವನ್ನು ಹಿಡಿಯಿತು. ಬೀಗ ಅವಳ ಚಿತ್ರ ಬರೆಯುವ ಪ್ರೋಗ್ರಾಂ ಮೇಲೇ ಅನುಮಾನಪಟ್ಟು ಅದನ್ನು ಎತ್ತಿ ಬಂಧನದಲ್ಲಿಟ್ಟಿತು. ಆಮೇಲೆ ಎಲ್ಲವೂ ನಿಂತುಹೋಯಿತು. ಆಫ್ ಮಾಡಿ ಆನ್ ಮಾಡಿದರೆ ಒಂದು ಚಿಕ್ಕ ಬಿಳಿ ಚಕ್ರ ಸುಮ್ಮನೆ ಸುತ್ತುತ್ತಿತ್ತು. ಅರ್ಧ ಗಂಟೆ ಕಾದರು, ಸುತ್ತುತ್ತಲೇ ಇತ್ತು.

"ಏನ್ ಮಾಡ್ದೆ?" ಎಂದಳು ರಾಧಾಮಣಿ.

"ಮೂರ್ ಹಾಕ್ದೆ."

"ಮೂರಾ? ಯಾಕೆ?"

"ಹುಳದ್ ಮನೆಗೆ ಮೂರೂ ಹಾಕ್ತೀವಲ್ಲ…"

ಅವಳು ನಗಲಿಲ್ಲ. ನಕ್ಕಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಪರದೆಯನ್ನೇ ನೋಡುತ್ತಾ ಕೇಳಿದಳು, "ಗೊತ್ತಿಲ್ದೆ ಇದ್ಮೇಲೆ ಗೊತ್ತು ಅಂತ ಯಾಕಂದೆ ಮನೋಹರ?"

ಅವನು ಮತ್ತೊಮ್ಮೆ ಆಫ್ ಮಾಡಿ ಆನ್ ಮಾಡಿದ. ಅದೇ ಬಿಳಿ ಚಕ್ರ.

"ಇನ್ನೂ ಎರಡ್ ಮರಿ ಬಾಕಿ ಐತೆ. ನಾಳೆ ಇಡೀ ದಿನ ಬೇಕು ನಂಗೆ. ಚೈತನ್ಯ ಬರೋದು ಮಧ್ಯಾಹ್ನ. ಅವ್ನು ಬಂದು, ಊಟ ಆಗಿ, ಸರಿ ಮಾಡೋ ಹೊತ್ಗೆ ಕತ್ಲಾಯ್ತದೆ." ಹಾಳು ಮಾಡಿದವನು ಎದುರಿಗಿರುವಾಗ ಅಳಬಾರದೆಂದು ಕಿಟಕಿಯ ಕಡೆ ತಿರುಗಿದಳು.

"ನಾಳೆ ಬೆಳಗ್ಗೇನೇ ನಾನ್ ತಗೊಂಡೋಗಿ ಸರಿ ಮಾಡಿಸ್ಕೊಂಡ್ ಬತ್ತೀನಿ," ಎಂದ ಮನೋಹರ. ತಪ್ಪು ತನ್ನದು ಎಂಬ ಸಂಕಟ ಅದರಲ್ಲಿ ನಿಜವಾಗಿಯೂ ಇತ್ತು. ಆ ಚೈತನ್ಯ ಶೂರನಾಗುವುದಿದ್ದರೆ ಬಿಡದಿಯಲ್ಲೇ ಆಗಲಿ, ಇವಳ ಕಣ್ಣೆದುರಿಗೆ ಬೇಡ ಎಂಬುದೂ ಇತ್ತು.

ಭಾನುವಾರ ಬೆಳಗ್ಗೆ ಆರಕ್ಕೆ ಸಿಪಿಯುವನ್ನು ಹಳೆಯ ರಗ್ಗಿನಲ್ಲಿ ಸುತ್ತಿ ಬೈಕಿನ ಹಿಂದೆ ಬಿಗಿಯುತ್ತಿದ್ದಾಗ ತಾಯಿ ಬೈರಮ್ಮ ಸೊಪ್ಪಿನ ಬುಟ್ಟಿ ಹಿಡಿದು ನಿಂತರು.

"ನಾಕ್ನೇ ಜ್ವರ ಎದ್ದಿರೋ ಹುಳ ಬುಟ್ಬುಟ್ಟು ಎಲ್ಲಿಗ್ಲಾ ಹೊಂಟೆ?"

"ಬಿಡದೀಗೆ. ಬೆಳಗ್ಗಿನ್ ಸೊಪ್ಪು ನೀನೇ ಹಾಕವ್ವ, ಮಧ್ಯಾಹ್ನದ್ದಕ್ಕೆ ಬಂದ್ಬುಡ್ತೀನಿ."

"ಹೋಗ್ಲಾ, ಹೋಗು. ಆ ಡಬ್ಬಿ ನಮ್ ಹುಳಕ್ಕಿಂತ ಹೆಚ್ಚಾಯ್ತು ನಿಂಗೆ," ಎಂದು ಬೈದುಕೊಳ್ಳುತ್ತಾ ಆಕೆ ಒಳಗೆ ಹೋದರು.

ರಾಮನಗರ ದಾಟುವವರೆಗೂ ಮನೋಹರ ಚೈತನ್ಯನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡ. ಎಲ್ಲವೂ ಗಡುಸಾಗಿದ್ದವು. ಬಿಡದಿಯ ಮನೆಯ ಬಾಗಿಲು ತೆರೆದವನು ಲುಂಗಿ ಉಟ್ಟಿದ್ದ, ಹಲ್ಲುಜ್ಜುತ್ತಿದ್ದ, ಕೂದಲು ಕೆದರಿತ್ತು. ಹಾಗಿದ್ದೂ ಚೆನ್ನಾಗಿಯೇ ಕಾಣುತ್ತಿದ್ದ. ಮನೋಹರನಿಗೆ ಅದನ್ನೂ ಸಹಿಸಲಾಗಲಿಲ್ಲ.

"ಓ, ಮನೋಹರ್ ಅಲ್ವಾ? ರಾತ್ರೀನೇ ರಾಧಾ ಹೇಳಿದ್ಲು. ಬನ್ನಿ ಗುರುಗಳೇ, ಬನ್ನಿ."

ಚೈತನ್ಯನ ತಾಯಿ ತಟ್ಟೆ ಇಡ್ಲಿ, ಕೆಂಪು ಚಟ್ನಿ ತಂದಿಟ್ಟರು. "ನಮ್ಮಣ್ಣನ ಪಕ್ಕದ್ ಮನೆ ಹುಡ್ಗ ಅಲ್ವಾ ನೀನು? ತಿನ್ನಪ್ಪ," ಎಂದರು. ಮೇಜಿನ ಆ ತುದಿಯಲ್ಲಿ ಒಂದು ತಟ್ಟೆ ಇತ್ತು. ಅದರಲ್ಲಿ ಮಾರು ಮಲ್ಲಿಗೆ, ಹಸಿರು ಬಳೆ, ಗಿಳಿಹಸಿರು ಅಂಚಿನ ಒಂದು ಸೀರೆ. "ರಾಧಾಗೆ. ಬಣ್ಣ ಒಪ್ತದಾ ನೋಡು," ಎಂದರು ಆಕೆ. ಒಪ್ಪುತ್ತಿತ್ತು, ತುಂಬ ಚೆನ್ನಾಗಿ ಒಪ್ಪುತ್ತಿತ್ತು. ಬಾಯಲ್ಲಿದ್ದ ಇಡ್ಲಿ ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ನಿಂತಿತು.

ಚೈತನ್ಯ ಸಿಪಿಯುವಿಗೆ ತನ್ನ ಮಾನಿಟರ್ ಸಿಕ್ಕಿಸಿದ. ಏನೋ ಒತ್ತಿ ಸೇಫ್ ಮೋಡ್ ಎಂಬುದರಲ್ಲಿ ಎಬ್ಬಿಸಿದ. ಕಂಪ್ಯೂಟರ್ ಪಾಸ್‌ವರ್ಡ್ ಕೇಳಿತು. ಯಾರನ್ನೂ ಕೇಳದೆ ಚಕಚಕನೆ ಟೈಪ್ ಮಾಡಿದ.

"ಪಾಸ್‌ವರ್ಡ್ ಗೊತ್ತಾ ನಿಮ್ಗೆ?" ಎಂದ ಮನೋಹರ.

"ದೊಡ್ಡಮಳೂರು, ಒಂದು ಎರಡು ಮೂರು. ಊರಿಗೆಲ್ಲ ಗೊತ್ತಾಗೋ ಪಾಸ್‌ವರ್ಡು. ಬದ್ಲಾಯ್ಸು ಅಂತ ಹತ್ ಸಲ ಹೇಳಿದೀನಿ, ಕೇಳಲ್ಲ ಅವ್ಳು."

ಆಮೇಲೆ ಅವನು ಒಂದೊಂದಾಗಿ ತೆಗೆಯತೊಡಗಿದ. ಬೀಗ ಹೋಯಿತು, ಹದ್ದು ಹೋಯಿತು. "ಒಂದೇ ಸಮ ಕಾವಲು ಕಾಯೋವು ಎರಡಿದ್ರೇ ಕಷ್ಟ ಗುರುಗಳೇ, ನೀವು ಮೂರು ಹಾಕಿದೀರ. ಒಂದು ಫೈಲ್ ತೆಗೆದ್ರೆ ಮೂರೂ ಅದರ ಮೇಲೆ ಬೀಳ್ತವೆ. ಆಮೇಲೆ ಒಂದನ್ನೊಂದು ಕಳ್ಳ ಅಂತ ಹಿಡ್ಕೊಳ್ತವೆ. ಮನೆ ಕಾಯೋದ್ ಬಿಟ್ಟು ಅವೇ ಕಿತ್ತಾಡ್ತವೆ."

ಮನೋಹರ ತನ್ನ ಅಂಗಿಯ ಗುಂಡಿ ನೋಡಿಕೊಂಡು ಕೂತ. ಇದು ತನಗೇ ಹೇಳಿದ್ದೋ ಕಂಪ್ಯೂಟರಿನ ಬಗ್ಗೆ ಹೇಳಿದ್ದೋ ತಿಳಿಯಲಿಲ್ಲ. ಚೈತನ್ಯ ಗುರಾಣಿಯನ್ನೂ ತೆಗೆದುಹಾಕಿದ. ಬಂಧನದಲ್ಲಿದ್ದ ಪ್ರೋಗ್ರಾಂ ಬಿಡುಗಡೆಯಾಯಿತು. ಒಂಬತ್ತು ಚಿತ್ರಗಳೂ ಕೂದಲು ಕೊಂಕದೆ ಇದ್ದವು.

"ಎಲ್ಲಾ ತೆಗೆದ್ರಲ್ಲ, ಈಗ ಯಾವ್ದ್ ಹಾಕ್ತೀರ?"

"ಯಾವ್ದೂ ಬೇಡ. ವಿಂಡೋಸ್ ಜೊತೇಲೇ ಒಂದು ಬಂದಿರ್ತದೆ, ಅದೂ ಫ್ರೀನೇ. ಯಾರೋ ಆಫ್ ಮಾಡಿದ್ರು, ಬುಧವಾರಾನೇ ಆನ್ ಮಾಡಿ ಅಪ್‌ಡೇಟ್ ಕೊಟ್ಟಿದ್ದೆ. ಮನೆ ಕಂಪ್ಯೂಟರ್‌ಗೆ ಅಷ್ಟ್ ಸಾಕು. ಹೊರಗಡೆ ಹೋಗ್ಬಂದ ಪೆನ್‌ಡ್ರೈವ್ನ ಸ್ಕ್ಯಾನ್ ಮಾಡ್ದೆ ತೆಗೀಬಾರ್ದು, ಅಷ್ಟೇ."

ಮನೋಹರ ತಲೆಯೆತ್ತಿದ. "ಬುಧವಾರಾನೇ ಸರಿಯಾಗಿತ್ತಾ? ಮತ್ತೆ ಭಾನುವಾರ ಬಂದು ಹಾಕ್ಕೊಡ್ತೀನಿ ಅಂದಿದ್ರಿ?"

ಚೈತನ್ಯ ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. ಹಲ್ಲು ತೋರಿಸದ ನಗು ಅದು. "ಬರೋಕೆ ಒಂದು ನೆಪ ಬೇಕಿತ್ತು."

ಸುಳ್ಳು ಹೇಳಿ ಸಿಕ್ಕಿಬಿದ್ದವರು ಇಬ್ಬರಾದರೆ ಜಗಳ ತೆಗೆಯುವುದು ಕಷ್ಟ.

"ನಿನಗೂ ಅವ್ಳಂದ್ರೆ ಇಷ್ಟ ಅಲ್ವಾ?" ಎಂದ ಚೈತನ್ಯ. ನೀವು ಹೋಗಿ ನೀನು ಬಂದಿತ್ತು.

"ಹ್ಞೂಂ," ಎಂದ ಮನೋಹರ. ಮೂರು ವರ್ಷದಲ್ಲಿ ಮೊದಲ ಸಲ ಅದನ್ನು ಬಾಯಿ ಬಿಟ್ಟು ಒಪ್ಪಿಕೊಂಡಿದ್ದು, ಅದೂ ಇವನ ಎದುರಿಗೆ.

"ನಂಗೂ ಇಲ್ಲ ಅಂತ ಹೇಳಲ್ಲ. ಅಮ್ಮನಿಗಂತೂ ತುಂಬಾ ಆಸೆ. ನಾವು ಹನ್ನೊಂದಕ್ಕೆ ಹೊರಡ್ತೀವಿ. ನೀನು ಬೈಕಲ್ಲಿ ಮುಂಚೇನೇ ಸೇರ್ತೀಯ. ಏನ್ ಹೇಳ್ಬೇಕೋ ಅವ್ಳಿಗೆ ಹೇಳು. ಅವ್ಳು ಏನಂದ್ರೂ ಸರಿ, ನಾನು ಬಂದು ಕೋಳಿ ಸಾರು ತಿಂದ್ಕೊಂಡೇ ಹೋಗೋದು."

ಕೆಟ್ಟವನಾಗಿದ್ದರೆ ಎಷ್ಟು ಸಲೀಸಾಗಿ ದ್ವೇಷಿಸಬಹುದಿತ್ತು ಎಂದು ದಾರಿಯುದ್ದಕ್ಕೂ ಅಂದುಕೊಂಡ ಮನೋಹರ. ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವುದು ಇನ್ನೂ ಉರಿಯ ಕೆಲಸ.

ಹತ್ತು ಗಂಟೆಗೆ ರಾಧಾಮಣಿಯ ಮೇಜಿನ ಮೇಲೆ ಕಂಪ್ಯೂಟರ್ ಎದ್ದು ಕೂತಿತು. ಅವಳು ಒಂದೊಂದೇ ಚಿತ್ರ ತೆರೆದು ನೋಡಿದಳು. ಒಂಬತ್ತೂ ಇದ್ದವು. ಉಸಿರು ಬಿಟ್ಟು ಅವನ ಕಡೆ ತಿರುಗಿದಳು.

"ಈಗ ಹೇಳು. ಗೊತ್ತು ಅಂತ ಯಾಕಂದೆ?"

"ಹೊಟ್ಟೆಕಿಚ್ಚು," ಎಂದ ಅವನು. "ಆ ಬಾಣ ನಿನ್ ಚಿತ್ರದ ಮೇಲೆಲ್ಲ ಓಡಾಡ್ತಿತ್ತಲ್ಲ, ಅದ್ನ ನೋಡಿ ನಂಗೆ ತಡ್ಕೊಳ್ಳೋಕ್ ಆಗ್ಲಿಲ್ಲ. ನಿನ್ನೆ ಅವ್ನ ಮೆಸೇಜೂ ನೋಡ್ಬುಟ್ಟೆ. ನೋಡ್ಬಾರ್ದಿತ್ತು. ನೀನಂದ್ರೆ ನಂಗೆ ಇಷ್ಟ ರಾಧಾ. ಮೂರು ವರ್ಷ ಆಯ್ತು. ಹೇಳೋಕೆ ಧೈರ್ಯ ಇರ್ಲಿಲ್ಲ, ಕಂಪ್ಯೂಟರ್ ಕೆಡ್ಸೋಕೆ ಮಾತ್ರ ಇತ್ತು."

ಅವಳ ತುಟಿಯ ಕೊನೆ ನಡುಗಿತು. ನಗುವೋ ಸಿಟ್ಟೋ ಅವನಿಗೆ ಗೊತ್ತಾಗಲಿಲ್ಲ. ಎರಡೂ ಇದ್ದವು.

"ನಮ್ಮವ್ವನ್ನ ಚಿಕ್ಕಮ್ಮ ಅನ್ನೋದ್ ಬುಟ್ಟು 'ಇದೀರಾ, ಇದೀರಾ' ಅಂತ ಕೂಗ್ತಿದ್ಯಲ್ಲ, ಯಾಕೆ ಅಂತ ನಂಗೊತ್ತಿಲ್ಲ ಅನ್ಕಂಡಿದ್ಯಾ? ಬಾಯ್ ಬುಟ್ಟು ಹೇಳ್ತೀಯೇನೋ ಅಂತ ಕಾಯ್ತಾನೇ ಇದ್ದೆ. ನೀನ್ ಹೇಳ್ಲಿಲ್ಲ. ನನ್ನೊಂದ್ ಮಾತು ಕೇಳ್ದೆ, ನನ್ ಕೆಲ್ಸದ್ ಮೇಲೆ ನಿನ್ ಕಿಚ್ಚು ಸುರ್ದೆ. ಅವ್ನೂ ಅಷ್ಟೇ, ಸರಿಯಾಗಿರೋದಕ್ಕೆ ಸರಿ ಮಾಡ್ತೀನಿ ಅಂತ ಸುಳ್ ಹೇಳ್ದ, ಈಗ್ ಫೋನ್ ಮಾಡಿ ಒಪ್ಕಂಡ. ಇಬ್ರೂ ಸೇರ್ಕೊಂಡು ನನ್ ಕಂಪ್ಯೂಟರ್ ಮೇಲೆ ಕುಸ್ತಿ ಆಡಿದ್ರಿ."

"ತಪ್ಪಾಯ್ತು."

"ಹ್ಞೂಂ, ಆಯ್ತು. ನಾನೇನ್ ಹೇಳ್ಬೇಕೋ ಅದ್ನ ನಾನ್ ಹೇಳ್ಬೇಕು ಅನ್ಸ್ದಾಗ ಹೇಳ್ತೀನಿ. ಈಗ ಎರಡ್ ಮರಿ ಬಾಕಿ ಐತೆ. ಎದ್ದೋಗು."

ಹನ್ನೆರಡೂವರೆಗೆ ಅತ್ತೆಯೂ ಚೈತನ್ಯನೂ ಬಂದರು. ರಾಧಾಮಣಿಯ ತಂದೆ ಅನಂತರಾಜು ಮನೋಹರನನ್ನೂ ಕರೆದು ಸಾಲಿನಲ್ಲಿ ಕೂರಿಸಿದರು. "ಮುಂಜಾನೇನೇ ಬಿಡದೀಗ್ ಹೋಗ್ಬಂದವ್ನೆ, ಉಣ್ಲಿ," ಎಂದರು. ಹೀಗೆ ಅವನಿಗೂ ಆ ಮನೆಯ ನಾಟಿಕೋಳಿ ಸಾರು ಸಿಕ್ಕಿತು. ರುಚಿ ಮಾತ್ರ ತಿಳಿಯಲಿಲ್ಲ. ಎದುರಿಗೆ ಚೈತನ್ಯ, ಅವನ ಪಕ್ಕದಲ್ಲಿ ಆ ಸೀರೆಯ ತಟ್ಟೆ.

ಎರಡನೇ ಮುದ್ದೆಗೆ ಅತ್ತೆ ಮಾತು ತೆಗೆದರು. "ಅಣ್ಣ, ನಾನ್ ಯಾಕ್ ಬಂದಿದೀನಿ ಅಂತ ನಿಂಗೂ ಗೊತ್ತೈತೆ. ಹುಡ್ಗಂಗೆ ಮೂವತ್ತಾಯ್ತಾ ಬಂತು. ರಾಧಾನ ಬೇರೆ ಕಡೆ ಕೊಡೋದ್ಯಾಕೆ?"

ಅನಂತರಾಜು ಮಗಳ ಮುಖ ನೋಡಿದರು. "ಅವ್ಳನ್ನೇ ಕೇಳವ್ವ. ಅವ್ಳು ಹೂಂ ಅನ್ನದೆ ನಾನೇನ್ ಹೇಳ್ಲಿ?"

ರಾಧಾಮಣಿ ಸಾರಿನ ಪಾತ್ರೆಯನ್ನು ಕೆಳಗಿಟ್ಟಳು. ಮನೋಹರನ ಕೈ ಮುದ್ದೆಯಲ್ಲೇ ನಿಂತಿತು.

"ಅತ್ತೆ, ಚೈತನ್ಯಂದು ತಪ್ಪಿಲ್ಲ, ನಿಮ್ದೂ ತಪ್ಪಿಲ್ಲ. ಆದ್ರೆ ನಂಗೆ ಬೇಡ. ನನ್ ಮನಸ್ನಲ್ಲಿ ಬೇರೆ ಒಬ್ರು ಅವ್ರೆ."

"ಯಾರೇ ಅದು?" ಎಂದರು ನಾಗಲಕ್ಷ್ಮಮ್ಮ ಗಾಬರಿಯಿಂದ.

"ಅದ್ನ ಮೊದ್ಲು ಅವ್ರಿಗೇ ಹೇಳ್ಬೇಕಲ್ವಾ ಅವ್ವ? ಇನ್ನೂ ಹೇಳಿಲ್ಲ."

ಈಗಲಾದರೂ ಮನೋಹರನಿಗೆ ತಿಳಿಯಬೇಕಿತ್ತು. ಆದರೆ ನಾಲ್ಕು ದಿನ ಹೊಟ್ಟೆಕಿಚ್ಚಿನಲ್ಲಿ ಬೆಂದ ತಲೆ ಅದು. ಬೇರೆ ಒಬ್ಬರಾ? ಅವ್ರು, ಇವ್ರು ಎಂದು ಮರ್ಯಾದೆ ಬೇರೆ! ತನಗೆ ಎಂದಾದರೂ ಹಾಗಂದಿದ್ದಾಳಾ? ಬೊಂಬೆ ಕಾರ್ಖಾನೆಯವನೇ? ಚನ್ನಪಟ್ಟಣದ ಬಸ್ಸಿನಲ್ಲಿ ದಿನಾ ಕಾಣುವವನೇ? ಮೂರನೆಯವನೊಬ್ಬನನ್ನು ಹುಡುಕಿ ಅವನು ಮನಸ್ಸಿನಲ್ಲೇ ಬೀದಿ ಬೀದಿ ಸುತ್ತುತ್ತಿದ್ದಾಗ ಎದುರಿನಿಂದ ಚೈತನ್ಯನ ಕಾಲು ಬಂದು ಅವನ ಕಾಲಿಗೆ ಒಂದು ಒದೆ ಕೊಟ್ಟಿತು. ಚೈತನ್ಯನ ಕಣ್ಣು ತುಸು ಕೆಂಪಾಗಿತ್ತು, ಆದರೂ ನಗುತ್ತಿದ್ದ. "ಅತ್ತೆ, ಇನ್ನೊಂದ್ ಮುದ್ದೆ ಹಾಕಿ," ಎಂದ ನಾಗಲಕ್ಷ್ಮಮ್ಮನಿಗೆ. ಹೇಳಿದ ಹಾಗೆಯೇ ಹೊಟ್ಟೆ ತುಂಬ ಉಂಡ. ಅವನ ತಾಯಿ ಮುಖ ಸಪ್ಪೆ ಮಾಡಿಕೊಂಡರೂ ಸೀರೆಯ ತಟ್ಟೆಯನ್ನು ರಾಧಾಮಣಿಯ ಕಡೆಗೇ ಸರಿಸಿದರು. "ತಂದಿರೋದ್ನ ವಾಪಸ್ ತಗೊಂಡೋಗಲ್ಲ, ನಿನ್ ಸೋದರತ್ತೆ ನಾನು," ಎಂದರು.

ಊಟವಾಗಿ ಎಲೆಅಡಿಕೆಯ ತಟ್ಟೆ ಬಂದಾಗ ಮನೋಹರ ಎದ್ದ. "ಹುಳಕ್ಕೆ ಸೊಪ್ ಹಾಕೋ ಹೊತ್ತಾಯ್ತು, ಬತ್ತೀನಿ."

ಹಿತ್ತಲ ಬಾಗಿಲ ಹತ್ತಿರ ರಾಧಾಮಣಿ ಕೈ ಒರೆಸಿಕೊಳ್ಳುತ್ತಾ ಬಂದಳು. "ನಾನೂ ಬತ್ತೀನಿ."

"ನೀನೆಲ್ಲಿಗೇ?" ಎಂದರು ಹಿಂದಿನಿಂದ ನಾಗಲಕ್ಷ್ಮಮ್ಮ. "ಹೊರಗ್ನೋರ್ನ ಹುಳದ್ ಮನೆ ಒಳಿಕ್ ಬುಡಲ್ಲ ಕಣೆ ಅವ್ರು. ರೋಗ ಬತ್ತದೆ ಅಂತ ಬೈರಮ್ಮ ನನ್ನೇ ಬಾಗ್ಲಲ್ಲಿ ನಿಲ್ಸಿ ಮಾತಾಡಿಸ್ ಕಳಿಸ್ತಾಳೆ."

ಅದು ನಿಜ. ಬೈರಮ್ಮ ಸ್ವಂತ ತಮ್ಮನನ್ನೂ ಆ ಬಾಗಿಲ ಒಳಗೆ ಬಿಟ್ಟವರಲ್ಲ. ಅಲ್ಲಿಗೆ ಮನೆಯವರು ಮಾತ್ರ. ರಾಧಾಮಣಿ ಮನೋಹರನ ಮುಖವನ್ನೇ ನೋಡುತ್ತಾ ನಿಂತಳು. ಒಂದು ಹುಬ್ಬು ಮೇಲೇರಿತ್ತು.

ಆ ಮೂರನೆಯವನು ಯಾರೇ ಆಗಿರಲಿ, ಈಗ ಒಳಗೆ ಕರೆಯದಿದ್ದರೆ ಇನ್ನು ಯಾವತ್ತೂ ಇಲ್ಲ ಎನಿಸಿತು ಮನೋಹರನಿಗೆ.

"ಹೌದು, ಹೊರಗ್ನೋರ್ನ ಬುಡಲ್ಲ," ಎಂದ. "ನೀನ್ ಬಾ."

ಹುಳದ ಮನೆಯ ಬಾಗಿಲಲ್ಲಿ ಅವಳು ಚಪ್ಪಲಿ ಬಿಟ್ಟಳು. ಅವನು ತೋರಿಸಿದ ಹಾಗೆ ಬ್ಲೀಚಿಂಗ್ ನೀರಿನಲ್ಲಿ ಪಾದ ಅದ್ದಿದಳು, ಕೈ ತೊಳೆದಳು, ಸೀರೆಯ ನೆರಿಗೆಯನ್ನು ಎತ್ತಿ ಸಿಕ್ಕಿಸಿಕೊಂಡು ಒಳಗೆ ಕಾಲಿಟ್ಟಳು. ಸಾಲು ಸ್ಟ್ಯಾಂಡುಗಳ ನಡುವೆ ಬೈರಮ್ಮ ಬೆನ್ನು ಹಾಕಿ ನಿಂತಿದ್ದರು. ಹೆಜ್ಜೆ ಸದ್ದಿಗೆ ತಿರುಗಿ, ಬಯ್ಯಲು ಬಾಯಿ ತೆರೆದರು. ಮಗನ ಮುಖ ನೋಡಿದರು. ಹುಡುಗಿಯ ಒದ್ದೆ ಪಾದ ನೋಡಿದರು. ಆಮೇಲೆ ಬದಿಯಲ್ಲಿದ್ದ ಸೊಪ್ಪಿನ ಬುಟ್ಟಿಯನ್ನು ಎತ್ತಿ ಅವಳ ಸೊಂಟಕ್ಕೆ ಕೊಟ್ಟರು.

"ನಿಂತ್ಕಂಡು ಏನ್ ನೋಡ್ತೀಯವ್ವ? ಆ ತುದಿಯಿಂದ ಹಾಕ್ಕೊಂಡ್ ಬಾ. ತೆಳ್ಳಗ್ ಹಾಕು."

ಅವರು ಹೊರಗೆ ಹೋಗಿ ಬಾಗಿಲು ಮುಂದೆ ಎಳೆದುಕೊಂಡರು. ಆ ತುದಿಯಿಂದ ರಾಧಾಮಣಿ, ಈ ತುದಿಯಿಂದ ಮನೋಹರ ಸೊಪ್ಪು ಹರಡುತ್ತಾ ಬಂದರು. ಹುಳಗಳು ಆಗಲೇ ತಲೆಯೆತ್ತಿ ತಿನ್ನತೊಡಗಿದ್ದವು. ನಡುವಿನ ಸ್ಟ್ಯಾಂಡಿನ ಹತ್ತಿರ ಅವನಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ.

"ಊಟದಲ್ಲಿ ಹೇಳ್ದ್ಯಲ್ಲ… ಮನಸ್ನಲ್ಲಿ ಬೇರೆ ಒಬ್ರು ಅವ್ರೆ ಅಂತ. ಯಾರದು?"

ರಾಧಾಮಣಿ ಅವನನ್ನೇ ದಿಟ್ಟಿಸಿದಳು. ಬುಟ್ಟಿ ಕೆಳಗಿಟ್ಟು, ಹಣೆಗೆ ಕೈ ಹಚ್ಚಿಕೊಂಡು, ಹುಳಗಳೂ ತಿನ್ನುವುದು ನಿಲ್ಲಿಸುವ ಹಾಗೆ ನಕ್ಕಳು.

"ಅಯ್ಯೋ ದಡ್ಡಾ! ಇನ್ಯಾರ್ ಮೇಲೆ ಉರ್ಕೊಳ್ತಾ ಇದ್ದೆ ಇಷ್ಟೊತ್ತು? ನೀನೇ ಕಣೋ."